ನನ್ನ ತಂಗಿಯ ಲಾ ಕಾಲೇಜಿನ ಅರ್ಜಿ

ಹೊಸೂರು ಕೋರ್ಟಿನಲ್ಲಿ ಮುನಿರಾಜು ಗುಮಾಸ್ತ ಒಂದು ವಾಯಿದೆಯನ್ನೂ ತಪ್ಪಿಸಿದವನಲ್ಲ ಎಂದು ಇವತ್ತಿಗೂ ಹೇಳುವವರಿದ್ದಾರೆ. ಆ ಮುನಿರಾಜು ನಾನೇ; ಕೆಲಸ ಬಿಟ್ಟ ದಿನ ನನಗೆ ಶಾಲು ಹೊದಿಸಿದ ವಕೀಲರೂ ಅದನ್ನೇ ಹೇಳಿದರು. ಅದು ಸುಳ್ಳು. ಒಂದನ್ನು ತಪ್ಪಿಸಿದ್ದೇನೆ. ಅದು ನನ್ನ ತಂಗಿ ನಾಗರತ್ನ ಲಾ ಓದುವುದಕ್ಕೆಂದು ಬರೆದ ಅರ್ಜಿಯದು. ಅದನ್ನು ಕೊಡುತ್ತೇನೆಂದು ಒಪ್ಪಿಕೊಂಡು ಹೋದವನು ಕೊಡದೆ ಬಂದೆ. ಬಂದವನು ನಿಜ ಹೇಳಲಿಲ್ಲ. ಇಪ್ಪತ್ತೈದು ವರ್ಷ ಹೇಳಲಿಲ್ಲ.

ಈಗ ವಕೀಲರ ಆಫೀಸುಗಳಿಗೆ ಗುಮಾಸ್ತರಾಗಿ ಸೇರಿರುವ, ನಮ್ಮ ಬೇರಿಕೆ ಕಡೆಯ ಇಬ್ಬರು ಯುವಕರು, “ಅಣ್ಣ, ನಿಮ್ಗೆ ಗೊತ್ತಿರೋದ್ನ ಬರ್ದಿಡಿ, ನಾವು ಓದ್ಕಂತೀವಿ” ಎಂದು ಬೆನ್ನು ಹತ್ತಿದ್ದಾರೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯಲು ಕೂತರೆ ಹತ್ತು ನಿಮಿಷಕ್ಕೊಮ್ಮೆ ಎದ್ದು ಬೀದಿಯ ತನಕ ಹೋಗಿ ಬರುತ್ತೇನೆ. ಕೆಲಸದ ವಿಷಯ ಶುರು ಮಾಡಿದರೆ ತಂಗಿಯ ವಿಷಯ ಅಡ್ಡ ಬರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಬರೆಯುತ್ತೇನೆ.

ಅಪ್ಪ ತೀರಿಕೊಂಡಾಗ ನನಗೆ ಹದಿನಾಲ್ಕು ವರ್ಷ, ರತ್ನ ಇನ್ನೂ ತೊಟ್ಟಿಲಲ್ಲಿದ್ದಳು. ಕೆಲವು ವರ್ಷ ಹೊಲ ನೋಡಿಕೊಂಡೆ. ಆಮೇಲೆ ಹೊಸೂರಿನ ಒಬ್ಬ ವಕೀಲರ ಬಳಿ ಸೇರಿದೆ. ನಾವು ಸೀನಿಯರ್ ಎನ್ನುತ್ತಿದ್ದ ಆ ವಕೀಲರು ಸೇಲಂ ಕಡೆಯ ತಮಿಳರು. ಅಷ್ಟು ವರ್ಷ ಹೊಸೂರಿನಲ್ಲಿದ್ದರೂ ಕನ್ನಡ ಮಾತಾಡಿದವರಲ್ಲ. ಆದರೆ ಕಕ್ಷಿದಾರರು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿಕೊಂಡದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ವಾದ ಮಾಡುತ್ತ ಮಾಡುತ್ತಲೇ, ಹಿಂದಕ್ಕೆ ತಿರುಗದೆ ಎಡಗೈ ಚಾಚುತ್ತಿದ್ದರು. ಬೇಕಾದ ಕಾಗದ ಆ ಕೈಗೆ ಬೀಳಬೇಕು. ಯಾವುದು ಬೇಕೆಂದು ಹೇಳುವುದಿಲ್ಲ. ವಾದಕ್ಕೆ ಕಿವಿ ಕೊಟ್ಟು ನಿಂತಿದ್ದರೆ ನಮಗೇ ತಿಳಿಯಬೇಕು. ಇಂಗ್ಲಿಷು ಬಾರದ ನಾನು ಅವರ ವಾದದ ಇಂಗ್ಲಿಷನ್ನು ಹಾಗೇ ಕಲಿತೆ.

ನನ್ನ ಮೊದಲ ದೊಡ್ಡ ಎಡವಟ್ಟು ಆದದ್ದು ಇಬ್ಬರು ಮುನಿಯಮ್ಮಂದಿರಿಂದ. ನಮ್ಮ ಕಡೆ ಒಂದು ಬೀದಿಗೆ ನಾಲ್ಕು ಮುನಿಯಮ್ಮ, ಐದು ಮುನಿಯಪ್ಪ. ಒಂದೇ ದಿನ ಇಬ್ಬರು ಮುನಿಯಮ್ಮಂದಿರ ಕೇಸಿತ್ತು. ಒಬ್ಬಾಕೆಯದು ಬಾವಿಯ ಪಾಲು, ಇನ್ನೊಬ್ಬಾಕೆಯದು ಹುಣಸೆ ಮರ. ನಾನು ಮರದ ಕೇಸಿಗೆ ಬಾವಿಯ ಕೇಸಿನ ಕಾಗದದ ಕಟ್ಟು ಕೊಟ್ಟೆ. ಸೀನಿಯರ್ ಬಾವಿಯ ಮೇಲೆ ತಮಿಳಿನಲ್ಲಿ ಐದು ನಿಮಿಷ ಮಾತಾಡಿದರು. ಹಿಂದಿನಿಂದ ಮರದ ಮುನಿಯಮ್ಮ ಎದ್ದು ನಿಂತು, “ಸಾಮೀ, ನಮ್ಗೆ ಬಾವೀನೇ ಇಲ್ಲ! ಕೊಡುಸ್ತೀರಾ ಅಂದ್ರೆ ಬ್ಯಾಡ ಅನ್ನಾಕಿಲ್ಲ” ಎಂದಳು. ಜಡ್ಜ್ ನಕ್ಕರು. ಸೀನಿಯರ್ ನಗಲಿಲ್ಲ. ಹೊರಗೆ ಬಂದು ಕಟ್ಟನ್ನು ನನ್ನ ಎದೆಗೆ ಎಸೆದರು. ಅಂದಿನಿಂದ ಕಟ್ಟಿನ ಮೇಲೆ ಹೆಸರಿನ ಜೊತೆಗೆ ಊರು, ಗಂಡನ ಹೆಸರು, ಜಗಳದ ವಸ್ತು ಮೂರನ್ನೂ ಬರೆಯುವುದನ್ನು ರೂಢಿ ಮಾಡಿಕೊಂಡೆ. ಕಂಪ್ಯೂಟರ್ ಬಂದ ಮೇಲೂ ಬಿಡಲಿಲ್ಲ. ನೀವೂ ಬಿಡಬೇಡಿ.

ಇನ್ನೊಂದು ಪದ್ಧತಿ ಹೇಳಬೇಕು. ಮುಂದೆ ಆದದ್ದಕ್ಕೆಲ್ಲ ಅದೇ ಮೂಲ. ನಮ್ಮ ಸೀನಿಯರ್ ಯಾವ ದಾವೆಯನ್ನೂ ಮುಂಚಿತವಾಗಿ ಹಾಕುತ್ತಿರಲಿಲ್ಲ. ಮುಂಚೆ ಹಾಕಿದರೆ ಎದುರಿನವರು ತಯಾರಾಗಿಬಿಡುತ್ತಾರೆ ಎಂಬುದು ಅವರ ನಂಬಿಕೆ. ಗಡುವಿನ ಕಡೆಯ ದಿನ, ಸಂಜೆಯ ಹೊತ್ತಿಗೆ, ಶಿರಸ್ತೇದಾರರು ಪೆನ್ನು ಮುಚ್ಚುವ ಮೊದಲು ನಾನು ಕಟ್ಟು ಹಿಡಿದು ಓಡಬೇಕು. ಒಂದೆರಡು ಕಾಗದ ಕಡಿಮೆ ಇದ್ದರೂ ಹೆದರಿಕೆಯಿಲ್ಲ. ಕೋರ್ಟಿನವರು ಸೀಲು ಒತ್ತುತ್ತಾರೆ, ಕೊರತೆ ಏನೆಂದು ಬರೆದು ವಾಪಸ್ಸು ಕೊಡುತ್ತಾರೆ, ಸರಿಪಡಿಸಲು ದಿನ ಕೊಡುತ್ತಾರೆ. ಮತ್ತೆ ಹಾಕಿದಾಗ ಮೊದಲು ಬಿದ್ದ ಸೀಲಿನ ತಾರೀಕೇ ಲೆಕ್ಕಕ್ಕೆ. ಹಾಗಾಗಿ ಸೀಲು ಬಿದ್ದರೆ ಸಾಕು, ಉಳಿದದ್ದು ಆಮೇಲೆ ಎನ್ನುವುದು ನನ್ನ ರಕ್ತದಲ್ಲೇ ಸೇರಿಹೋಗಿತ್ತು. ಈ ಚಳಕಕ್ಕೆ ನನ್ನನ್ನು ಎಲ್ಲರೂ ಹೊಗಳುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ.

ರತ್ನ ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಕಾಲ. ಜವಳಗಿರಿ ಕಡೆಯ ಒಬ್ಬ ರೈತನ ಒತ್ತುವರಿ ದಾವೆ ನಮ್ಮಲ್ಲಿತ್ತು. ಪಕ್ಕದ ಜಮೀನಿನವನು ನಡುವಿನ ಬದುವನ್ನು ಇವನ ಕಡೆಗೆ ಸರಿಸಿ ನೆಲ ಸೇರಿಸಿಕೊಂಡನೆಂದು ತಕರಾರು. ಎರಡೂ ಕಡೆಯ ಕ್ರಯಪತ್ರಗಳು ಅಜ್ಜಂದಿರ ಕಾಲದವು, ಮೋಡಿ ಅಕ್ಷರದ ಹಾಗೆ ಕೂಡಿಸಿ ಬರೆದ ಕನ್ನಡ. ತಮಿಳಿಗೆ ತರ್ಜುಮೆ ಮಾಡಿಸುವ ಮೊದಲು ಓದಿ ಹೇಳೆಂದು ಸೀನಿಯರ್ ನನಗೆ ಕೊಟ್ಟರು. ನನಗೆ ಅರ್ಧ ತಿಳಿಯಲಿಲ್ಲ. ನಕಲನ್ನು ಮನೆಗೆ ತಂದು ತಂಗಿಯ ಮುಂದಿಟ್ಟೆ. ಅವಳು ಎರಡನ್ನೂ ಓದಿ, ಮತ್ತೆ ಓದಿ, ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದಳು.

“ಅಣ್ಣ, ಚೆಕ್ಕುಬಂದಿ ನೋಡು, ಯಾವ್ ದಿಕ್ಕಿಗೆ ಏನ್ ಎಲ್ಲೆ ಅಂತ. ನಿಮ್ಮ ಕಕ್ಷಿದಾರಂಗೆ ಪೂರ್ವಕ್ಕೆ ಹಳ್ಳ. ಆವಯ್ಯಂಗೆ ಪಶ್ಚಿಮಕ್ಕೆ ಹಳ್ಳ. ಇಬ್ಬರ್ ನಡುವೆ ಇರೋದು ಹಳ್ಳ. ಬದು ಎಲ್ಲಿಂದ ಬಂತು?”

“ಅಂದ್ರೆ?”

“ಅಂದ್ರೆ ಆವಯ್ಯ ಹಳ್ಳ ದಾಟಿ ಬಂದವ್ನೆ ಕಣಣ್ಣ. ಬದು ಅನ್ನೋದೇ ಅವ್ನು ಆಮೇಲೆ ಹಾಕಿರೋದು.”

ಮರುದಿನ ಇದನ್ನು ಹೇಳಿದಾಗ ಸೀನಿಯರ್ ಕನ್ನಡಕ ತೆಗೆದರು. “ಯಾರಯ್ಯಾ ಇದೆ ಪಾತ್ತದು?” ಎಂದರು. ಇದನ್ನು ಕಂಡುಹಿಡಿದವರು ಯಾರೆಂದು. ನನ್ನ ತಂಗಿ ಎಂದೆ. “ಸಟ್ಟಮ್ ಪಡಿಕ್ಕ ವೈ” ಎಂದರು. ಲಾ ಓದಿಸು ಅಂತ. ಅವರು ಯಾರ ಬಗ್ಗೆಯೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹದಿನೈದು ವರ್ಷ ಅವರ ಚಾಚಿದ ಕೈಗೆ ಕಾಗದ ಕೊಟ್ಟ ನನಗೂ ಒಂದು ಮಾತು ಹೇಳಿರಲಿಲ್ಲ.

ಮನೆಯಲ್ಲಿ ಹೇಳಿದೆ. ರತ್ನ ನಕ್ಕು ಒಳಗೆ ಹೋದಳು. ಮೂರು ದಿನ ಬಿಟ್ಟು ಬಂದು ನಿಂತಳು.

“ಅಣ್ಣ, ನಿಮ್ ಸಾರು ಸುಮ್ಕೆ ಅಂದ್ರಾ, ನಿಜವಾಗ್ಲೂ ಅಂದ್ರಾ?”

“ಅವ್ರು ಸುಮ್ಕೆ ಏನೂ ಅನ್ನಾಕಿಲ್ಲ ಕಣೆ.”

“ಹಂಗಾರೆ ಓದ್ತೀನಿ.”

ಒಳಗಿಂದ ಅಮ್ಮ, “ಮದ್ವೆ ಮಾಡೋ ಹೊತ್ನಾಗೆ ಕರೀ ಕೋಟು ಹಾಕ್ಕಂತೀನಿ ಅಂತಾಳೆ. ಜಗಳಗಂಟೀನ ಯಾವೋನ್ ಕಟ್ಕಂತಾನೆ?” ಎಂದಳು.

“ನೀನು ಬಿಟ್ಟಿ ಜಗಳ ಆಡ್ತೀಯ ಕಣಮ್ಮ. ನಂಗೆ ಜನ ಮನೇತಾವ ಬಂದು ಕೈ ಮುಗ್ದು ಆಡ್ಸ್ತಾರೆ” ಎಂದಳು ರತ್ನ. ಅಮ್ಮನೂ ನಕ್ಕುಬಿಟ್ಟಳು.

ಕಾಲೇಜು ಯಾವುದು ಎನ್ನುವುದು ಮುಂದಿನ ಮಾತು. ತಮಿಳುನಾಡಿನ ಸರ್ಕಾರಿ ಕಾಲೇಜುಗಳು ಆಗ ನಮಗೆ ದೂರ; ಹಾಸ್ಟೆಲಿಗೆ ಅಮ್ಮ ಒಪ್ಪಲಿಲ್ಲ. ಬೆಂಗಳೂರಾದರೆ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು. ಆದರೆ ಅಲ್ಲಿ ಬೋರ್ಡು ಮಾತ್ರ ಇರುವ ಕಾಲೇಜುಗಳೂ ಇದ್ದವು. ಅಂಥ ಕಡೆ ಓದಿ ಬಂದ ಜೂನಿಯರ್‌ಗಳನ್ನು ನಾವು ಗುಮಾಸ್ತರು ಒಂದು ವಾರದಲ್ಲಿ ಗುರುತು ಹಿಡಿಯುತ್ತಿದ್ದೆವು. ವಕಾಲತ್ತಿನಲ್ಲಿ ಎಲ್ಲಿ ಸಹಿ ಹಾಕಬೇಕೆಂದು ನಮ್ಮನ್ನೇ ಕೇಳುತ್ತಿದ್ದರು.

ರತ್ನ ಯಾರ ಮಾತನ್ನೂ ನಂಬದೆ ತಾನೇ ಹೊರಟಳು. ಮೂರು ಶನಿವಾರ, ಮೂರು ಕಾಲೇಜು. ಮೊದಲನೆಯ ಕಡೆ ಆಫೀಸಿನವನು, “ಪರೀಕ್ಷೆಗೆ ಬಂದ್ರೆ ಸಾಕಮ್ಮ, ಹಾಜರಿ ನಾವು ನೋಡ್ಕೋತೀವಿ” ಎಂದನಂತೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸಿಡುಕಿದಳು: “ಹಾಜ್ರಿ ಅವ್ರು ನೋಡ್ಕಂಡ್ರೆ ಪಾಠ ಯಾರ್ ನೋಡ್ಕಂತಾರೆ?” ಎರಡನೆಯದು ಸಂಜೆ ಕಾಲೇಜು, ಕ್ಲಾಸು ಮುಗಿಯುವ ಹೊತ್ತಿಗೆ ನಮ್ಮೂರಿಗೆ ಬರುವ ಬೇರಿಕೆ ಕಡೆಯ ಬಸ್ಸು ಹೋಗಿರುತ್ತಿತ್ತು. ಮೂರನೆಯದರಲ್ಲಿ ಯಾರನ್ನೂ ಕೇಳದೆ ಒಂದು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತಳು. ಪಾಠ ಮಾಡುತ್ತಿದ್ದವರು ಗಮನಿಸಿ ಯಾರೆಂದು ಕೇಳಿದರು. “ಸೇರ್ಬೇಕು ಅಂತ ಇದೀನಿ ಮೇಡಮ್, ಪಾಠ ಹೆಂಗಿರ್ತದೆ ಅಂತ ನೋಡಾಕೆ ಬಂದೆ” ಎಂದಳು. ಕ್ಲಾಸೆಲ್ಲ ನಕ್ಕಿತು. ಆ ಮೇಡಮ್ ಮಾತ್ರ, “ನೋಡು, ಮುಗಿದ ಮೇಲೆ ಹೇಗಿತ್ತು ಅಂತ ಹೇಳಿ ಹೋಗು” ಎಂದರಂತೆ. ಅದೇ ಕಾಲೇಜು ಎಂದು ತೀರ್ಮಾನವಾಯಿತು. ಲಾ ಕಾಲೇಜು ಆರಿಸುವುದು ಹೇಗೆಂದು ಕೇಳುವವರಿಗೆ ನಾನು ಇಂದಿಗೂ ಇದನ್ನೇ ಹೇಳುವುದು. ಹಿಂದಿನ ಬೆಂಚಿನಲ್ಲಿ ಕೂತು ನೋಡಿ.

ಒಂದು ತೊಡಕಿತ್ತು. ನಮ್ಮೂರಿನಿಂದ ಕರ್ನಾಟಕದ ಗಡಿ ಸೈಕಲ್ ತುಳಿಯುವಷ್ಟು ದೂರ. ಮನೆ ಮಾತು ಕನ್ನಡ, ರತ್ನ ಶಾಲೆಯಲ್ಲಿ ಓದಿದ್ದೂ ಕನ್ನಡ. ಆದರೆ ಡಿಗ್ರಿ ತಮಿಳುನಾಡಿನದಾದ್ದರಿಂದ ಬೆಂಗಳೂರಿನವರಿಗೆ ಅವಳು ಹೊರರಾಜ್ಯದವಳು. ಡಿಗ್ರಿ ಕೊಟ್ಟ, ಸೇಲಂನಲ್ಲಿರುವ ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಸರ್ಟಿಫಿಕೇಟ್ ತಂದು ಅರ್ಜಿಯ ಜೊತೆ ಇಡಬೇಕಿತ್ತು. ಗಡುವಿಗೆ ಹನ್ನೆರಡು ದಿನವಿತ್ತು. ತಾನೇ ಸೇಲಂಗೆ ಹೋಗಿ ತರುತ್ತೇನೆ, ತಾನೇ ಅರ್ಜಿ ಕೊಡುತ್ತೇನೆ ಎಂದಳು. ನಾನು ಬಿಡಲಿಲ್ಲ.

“ಕಾಗ್ದ ಹಾಕೋದು ನನ್ ಕಸುಬು ಕಣೆ. ನೀನ್ಯಾಕೆ ಅಲೀತೀಯ? ಕೊಡಿಲ್ಲಿ.”

ಕೊಟ್ಟಳು. ಎಲ್ಲ ಕಾಗದವನ್ನೂ ಕೋರ್ಟಿನ ಕಟ್ಟಿನ ಹಾಗೆ ದಾರದಲ್ಲಿ ಹೊಲಿದು ಕೊಟ್ಟಿದ್ದಳು. ನನ್ನನ್ನು ನೋಡಿಯೇ ಕಲಿತದ್ದು.

ಆ ವಾರವೇ ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಪೆರುಮಾಳ್ ಎಂಬ ಇನ್ನೊಬ್ಬ ಗುಮಾಸ್ತ ಎಲ್ಲರ ಮುಂದೆ ನನ್ನನ್ನು ರೇಗಿಸಿದ: “ಏನ್ ಮುನಿರಾಜಣ್ಣ, ಇನ್ನ ಮೂರೇ ವರ್ಷ. ಆಮ್ಯಾಕೆ ತಂಗಚ್ಚಿ ಮುಂದೆ ಮುಂದೆ, ನೀನು ಕಟ್ಟು ಹೊತ್ಕಂಡು ಹಿಂದೆ ಹಿಂದೆ. ‘ಮೇಡಮ್, ಮೇಡಮ್’ ಅಂತ ಈಗ್ಲಿಂದ್ಲೇ ಬಾಯಿಪಾಠ ಮಾಡ್ಕ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಅರ್ಧ ಟೀ ಬಿಟ್ಟು ಎದ್ದೆ. ಚಾಚಿದ ಕೈ ಕಣ್ಣ ಮುಂದೆ ಬಂತು. ಅದು ರತ್ನಳ ಕೈ.

ಸೇಲಂಗೆ ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ಮುಂದೂಡಿದೆ. ಕೋರ್ಟಿನ ಕೆಲಸ ಹೆಚ್ಚಿತ್ತು ಎಂದರೆ ಅದು ನಿಜ. ಯಾವಾಗಲೂ ಹೆಚ್ಚೇ ಇರುತ್ತಿತ್ತು. ಹೋಗಲಿ, ಸೀಲು ಬಿದ್ದರೆ ಸಾಕು, ಕೊರತೆ ಬರೆದು ವಾಪಸ್ಸು ಕೊಡುತ್ತಾರೆ, ಆಮೇಲೆ ತಂದರಾಯಿತು ಎಂದುಕೊಂಡೆ. ಕಡೆಯ ದಿನ ಸರ್ಟಿಫಿಕೇಟ್ ಇಲ್ಲದೆಯೇ ಬೆಂಗಳೂರಿಗೆ ಹೋದೆ. ಕಾಲೇಜು ತಲುಪಿದಾಗ ಮಧ್ಯಾಹ್ನ ಮೂರು ದಾಟಿತ್ತು. ಕೌಂಟರಿನಲ್ಲಿದ್ದ ಹೆಂಗಸು ಹಾಳೆ ಮಗುಚಿ ನೋಡಿ, “ಮೈಗ್ರೇಶನ್ ಎಲ್ಲಿ?” ಎಂದಳು.

“ಈಗ ಸೀಲು ಹಾಕ್ಬುಡಿ ಅಮ್ಮ. ಕೊರತೆ ಬರ್ದು ರಿಟರ್ನ್ ಮಾಡಿ. ವಾರದೊಳ್ಗೆ ತಂದು ಹಾಕ್ತೀನಿ.”

“ಇದೇನು ಕೋರ್ಟಾ ಸ್ವಾಮಿ? ಪೂರ್ತಿ ಇದ್ರೆ ತಗೋತೀವಿ, ಇಲ್ಲಾಂದ್ರೆ ಇಲ್ಲ.”

“ಹದಿನೈದು ವರ್ಷದಿಂದ ಕಾಗ್ದ ಹಾಕೋದೇ ನನ್ ಕೆಲ್ಸ ಅಮ್ಮ.”

“ಹಾಗಿದ್ರೆ ನಿಮಗೇ ಗೊತ್ತಿರ್ಬೇಕಿತ್ತಲ್ಲ” ಎಂದಳು. ಆಮೇಲೆ ನನ್ನ ಮುಖ ನೋಡಿ ಮೆತ್ತಗಾದಳು. “ಮೇಲೆ ಪ್ರಿನ್ಸಿಪಾಲರಿದ್ದಾರೆ. ಹೋಗಿ ಕೇಳಿ. ಬರೆದುಕೊಟ್ರೆ ಒಂದು ವಾರ ಬಿಟ್ಟರೂ ಬಿಡಬಹುದು.”

ಮೆಟ್ಟಿಲು ಅಲ್ಲೇ ಇತ್ತು. ಅದರ ಬುಡದಲ್ಲಿ ಕಟ್ಟು ಹಿಡಿದು ನಿಂತೆ. ಹುಡುಗ ಹುಡುಗಿಯರು ನನ್ನನ್ನು ಬಳಸಿಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. ನಾನು ಹತ್ತಲಿಲ್ಲ. ತಿರುಗಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಕಕ್ಷಿದಾರರಿಗಾಗಿ ಎಷ್ಟೋ ಜನ ಅಧಿಕಾರಿಗಳ ಬಾಗಿಲಲ್ಲಿ ಕಾದು, ಕೈಮುಗಿದು ಕೆಲಸ ಮಾಡಿಸಿಕೊಂಡವನು ನಾನು.

ಮನೆಯ ಮುಂದೆ ರತ್ನ ಕಾಯುತ್ತಿದ್ದಳು. “ಮಾರ್ಕ್ಸ್ ಸಾಲಲ್ಲ ಅಂದ್ರು ಕಣೆ. ಹೊರರಾಜ್ಯದೋರಿಗೆ ಜಾಸ್ತಿ ಬೇಕಂತೆ” ಎಂದೆ.

“ಎಷ್ಟು ಬೇಕಂತೆ?”

“ಅದೆಲ್ಲ ಹೇಳಾಕಿಲ್ಲ ಅವ್ರು.”

“ಸರಿ ಬಿಡು” ಎಂದಳು. ಕಟ್ಟನ್ನು ಇಸಿದುಕೊಂಡು, ಹೊಲಿದ ದಾರವನ್ನು ಬಿಚ್ಚುತ್ತ ಒಳಗೆ ಹೋದಳು. ಮರುವರ್ಷ ಬೇರೆ ಕಾಲೇಜಿಗೆ ಹಾಕಲೇ ಎಂದು ಒಮ್ಮೆ ಕೇಳಿದಳು. “ಎಲ್ಲಾ ಕಡೇನೂ ಹಂಗೇ ಕಣೆ” ಎಂದೆ. ಮತ್ತೆ ಕೇಳಲಿಲ್ಲ. ಹೊಸೂರಿನ ಒಂದು ಫ್ಯಾಕ್ಟರಿಗೆ ಸೇರಿದಳು. ಅಲ್ಲೇ ಕೆಲಸ ಮಾಡುತ್ತಿದ್ದ ಮತ್ತಿಗಿರಿಯ ಒಬ್ಬರನ್ನು ಮದುವೆಯಾದಳು. ಒಂದು ದಿನವೂ ನನ್ನನ್ನು ದೂರಲಿಲ್ಲ. ಬಂದವರಿಗೆಲ್ಲ, “ಪಾಪ, ನಮ್ಮಣ್ಣ ನನಗೋಸ್ಕರ ಬೆಂಗ್ಳೂರ್ಗೆಲ್ಲ ಹೋಗಿ ಅಲೆದ” ಎಂದು ಹೇಳುತ್ತಿದ್ದಳು. ಆ ಮಾತು ಬಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ನಮ್ಮ ಆಫೀಸಿಗೆ ಒಮ್ಮೆ ಒಬ್ಬಳು ಜೂನಿಯರ್ ಬಂದಿದ್ದಳು. ಮೂರು ವರ್ಷ ಸೀನಿಯರ್ ಅವಳ ಕೈಯಲ್ಲಿ ಕೇಸು ಮುಂದೂಡುವ ವಾಯಿದೆ ಕೇಳಿಸಿದರೇ ಹೊರತು ಒಂದು ಕೇಸು ನಡೆಸಲು ಬಿಡಲಿಲ್ಲ. ಬೇಸತ್ತು ಬಿಟ್ಟು ಹೋದಳು. ರತ್ನಳಿಗೂ ಇದೇ ಗತಿಯಾಗುತ್ತಿತ್ತು, ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದೇ ಕೋರ್ಟಿನಲ್ಲಿ ಇನ್ನೊಬ್ಬ ಹೆಣ್ಣುಮಗಳು ಐದೇ ವರ್ಷದಲ್ಲಿ ಸ್ವಂತ ಆಫೀಸು ತೆರೆದಳು. ಅವಳು ಎದುರು ಬಂದರೆ ನಾನು ಕಾರಿಡಾರಿನ ಇನ್ನೊಂದು ಕಡೆಗೆ ಸರಿಯುತ್ತಿದ್ದೆ.

ಅಂದಿನಿಂದ ತಾರೀಕಿನ ವಿಷಯದಲ್ಲಿ ನನಗೆ ನೆಮ್ಮದಿ ಇಲ್ಲದಾಯಿತು. ಡೈರಿಯನ್ನು ದಿನಕ್ಕೆ ಮೂರು ಸಲ ತೆರೆಯುತ್ತಿದ್ದೆ. ಕಡೆಯ ದಿನದ ಓಟವನ್ನು ಬಿಟ್ಟು ವಾರ ಮುಂಚೆಯೇ ಕಾಗದ ಹಾಕತೊಡಗಿದೆ. ಸೀನಿಯರ್ ಬೈದರೂ ಕೇಳಲಿಲ್ಲ. ಒಂದೂ ತಪ್ಪಿಸದವನು ಎಂಬ ಹೆಸರು ಬಂದದ್ದು ಹೀಗೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಸೀನಿಯರ್ ತೀರಿಕೊಂಡರು, ಅವರ ಜಾಗದಲ್ಲಿ ಮಗ ಕೂತರು. ಆಮೇಲೆ ದಾವೆಯನ್ನೇ ಇಂಟರ್ನೆಟ್ಟಿನಲ್ಲಿ ಹಾಕುವ ಪದ್ಧತಿ ಬಂತು. ಪರದೆಯ ಅಕ್ಷರ ನನ್ನ ಕಣ್ಣಿಗೆ ಹಿಡಿಯಲಿಲ್ಲ. ಕೆಲಸ ಬಿಟ್ಟೆ.

ಈ ವರ್ಷ ರತ್ನಳ ಮಗಳು ಸಿಂಧು ಪ್ಲಸ್ ಟೂ ಮುಗಿಸಿದಳು. ಒಂದು ಭಾನುವಾರ ಬೆಳಿಗ್ಗೆ ಮತ್ತಿಗಿರಿಗೆ ಹೋಗಿದ್ದೆ. ರತ್ನ ನೆಲದ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ಸಿಂಧು ಮೊಬೈಲ್ ಹಿಡಿದು ನನ್ನ ಪಕ್ಕಕ್ಕೆ ಬಂದಳು.

“ಮಾವ, ನೀವೇ ಹೇಳಿ. ಐದು ವರ್ಷದ ಲಾ. ಧರ್ಮಪುರೀಲಿ ಗೌರ್ಮೆಂಟ್ ಕಾಲೇಜು ಐತೆ, ಹಾಸ್ಟ್ಲಲ್ಲಿರ್ಬೇಕು. ಬೆಂಗ್ಳೂರಾದ್ರೆ ದಿನಾ ಹೋಗಿ ಬರ್ಬೋದು. ಯಾವ್ದಕ್ಕೆ ಹಾಕ್ಲಿ?”

“ಯಾವ್ದಕ್ಕೂ ಬ್ಯಾಡ” ಎಂದಳು ರತ್ನ, ತಲೆ ಎತ್ತದೆ. “ಬಿಕಾಮ್ ಸೇರ್ಕ. ಆ ಓದು ನಮ್ ತಲೆಗೆಲ್ಲ ಹತ್ತಾಕಿಲ್ಲ. ನಂಗೇ ಮಾರ್ಕ್ಸ್ ಸಾಲ್ದು ಅಂತ ಕಳುಸ್ಬುಟ್ರು. ಮಾವನ್ನೇ ಕೇಳು, ಅಣ್ಣನೇ ಹೋಗಿದ್ದು.”

“ನಿಂದು ಫಸ್ಟ್ ಕ್ಲಾಸ್ ಅಲ್ವೇನಮ್ಮ? ಫಸ್ಟ್ ಕ್ಲಾಸ್ಗೇ ಸಾಲ್ಲಿಲ್ವಾ?”

“ಸಾಲ್ಲಿಲ್ಲ ಕಣೆ. ಅದ್ಕೇ ಹೇಳ್ತಿರೋದು. ನೀನೂ ಆಸೆ ಇಟ್ಕಂಡು ಬೇಜಾರ್ ಮಾಡ್ಕಬ್ಯಾಡ.”

ಸಿಂಧು ಮೊಬೈಲನ್ನು ಮಗುಚಿ ಇಟ್ಟಳು. ಅವಳು ಎದುರಾಡದೆ ಹಾಗೆ ಇಟ್ಟುಬಿಟ್ಟದ್ದನ್ನು ನೋಡಿ ನನಗೆ ಕೂರಲಾಗಲಿಲ್ಲ. ಎದ್ದೆ, ಬಾಗಿಲ ತನಕ ಹೋದೆ, ತಿರುಗಿ ಬಂದೆ.

“ಮಾರ್ಕ್ಸ್ ಸಾಲ್ದೆ ಅಲ್ಲ ರತ್ನ. ಒಂದು ಸರ್ಟಿಫಿಕೇಟ್ ಇರ್ಲಿಲ್ಲ. ಕಡೇ ದಿನ ಹೋದೆ. ಅವ್ರು ತಗಳ್ಲಿಲ್ಲ.”

ರತ್ನ ಈಳಿಗೆ ಮಣೆಯನ್ನು ಪಕ್ಕಕ್ಕೆ ಸರಿಸಿದಳು. “ಯಾವ್ ಸರ್ಟಿಫಿಕೇಟು? ಮೈಗ್ರೇಶನ್ನಾ?”

“ಹೂಂ.”

“ಅದ್ಕೆ ಹನ್ನೆರಡು ದಿನ ಇತ್ತಲ್ಲ. ನಾನೇ ತತ್ತೀನಿ ಅಂದಿದ್ನಲ್ಲ.”

“ಕೋರ್ಟ್ ಕೆಲ್ಸ ಜಾಸ್ತಿ ಇತ್ತು ಕಣೆ.”

“ತಗಳಾಕಿಲ್ಲ ಅಂದೋರು ಯಾರು?”

“ಕೌಂಟರ್ನಾಗಿದ್ದ ಒಬ್ಬಮ್ಮ.”

“ಆಯಮ್ಮನ ಮೇಲೆ ಯಾರೂ ಇರ್ಲಿಲ್ವಾ?”

ಪಾಟೀ ಸವಾಲು ಮಾಡುವ ಎಷ್ಟೋ ವಕೀಲರ ಹಿಂದೆ ನಿಂತವನು ನಾನು. ಅವಳು ಒಂದು ಪ್ರಶ್ನೆಯನ್ನೂ ಹೆಚ್ಚಿಗೆ ಕೇಳಲಿಲ್ಲ. “ಇದ್ರು. ಪ್ರಿನ್ಸಿಪಾಲ್ರನ್ನ ಕೇಳಿ, ಒಂದ್ ವಾರ ಬಿಟ್ಟಾರು ಅಂದ್ಲು. ನಾನು ಮೇಲಕ್ಕೆ ಹೋಗ್ಲಿಲ್ಲ” ಎಂದೆ.

“ಬರೋ ವರ್ಷ ಹಾಕ್ಲಾ ಅಂದಾಗ ಯಾಕೆ ಬ್ಯಾಡ ಅಂದೆ?”

ನಾನು ಹೆಚ್ಚಿದ ಹುರುಳಿಕಾಯಿಯ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತ ಕೂತಿದ್ದಳು. ಅಳಲಿಲ್ಲ, ಕೂಗಲಿಲ್ಲ.

“ಇಪ್ಪತ್ತೈದ್ ವರ್ಷ ನಾನು ದಡ್ಡಿ ಅಂತ ಅನ್ಕಂಡಿದ್ನಲ್ಲ ಅಣ್ಣ” ಎಂದಳು. ಆಮೇಲೆ ಮಗಳ ಕಡೆ ತಿರುಗಿದಳು. “ಏಳೇ. ಎಲ್ಡು ಕಡೇಗೂ ಹಾಕು. ನೀನೇ ಕೂತ್ಕಂಡು ಹಾಕು. ಯಾರ್ ಕೈಗೂ ಕೊಡ್ಬ್ಯಾಡ.”

ಸಿಂಧು ಮೊಬೈಲ್ ತೆಗೆದುಕೊಂಡು ಒಳಗೆ ಹೋದಳು. ನಾವಿಬ್ಬರೇ ಉಳಿದೆವು.

ತಡವಾದದ್ದನ್ನು ಮನ್ನಿಸಬೇಕೆಂದು ಕೋರ್ಟಿಗೆ ಕೊಡುವ ಅರ್ಜಿಗಳನ್ನು ನೂರಾರು ಹೊಲಿದಿದ್ದೇನೆ. ಎಲ್ಲದರಲ್ಲೂ ಕಕ್ಷಿದಾರನಿಗೆ ಕಾಮಾಲೆ ಬಂದಿರುತ್ತದೆ, ಇಲ್ಲವೇ ಊರಲ್ಲಿ ಇರುವುದಿಲ್ಲ. ನನಗೆ ಕಾಮಾಲೆ ಬಂದಿರಲಿಲ್ಲ. ಅವಳ ಎದುರಿಗೆ ನೆಲದ ಮೇಲೆ ಕೂತೆ.

“ರತ್ನ, ನಿನ್ನಲ್ಲಿ ಏನೂ ಕಮ್ಮಿ ಇರ್ಲಿಲ್ಲ ಕಣಮ್ಮ. ನೀನು ಲಾಯರ್ ಆಗ್ಬುಟ್ರೆ ನಾನು ನಿನ್ ಮುಂದೆ ಬರೀ ಗುಮಾಸ್ತ ಆಗೋಯ್ತೀನಿ ಅಂತ ನಂಗೆ ಹೊಟ್ಟೆ ಉರೀತು. ಅದ್ಕೇ ಮೇಲಕ್ಕೆ ಹೋಗಿ ಕೇಳ್ಲಿಲ್ಲ. ಅದ್ಕೇ ಸುಳ್ಳೇಳ್ದೆ, ಬರೋ ವರ್ಷಾನೂ ಬ್ಯಾಡ ಅಂದೆ. ನಾನೇ ನಿನ್ನ ಓದು ಕಿತ್ಕಂಡೆ. ತಪ್ಪಾಯ್ತು ಕಣಮ್ಮ. ನನ್ನ ಕ್ಷಮಿಸು.”